ಅರ ಮುಟ್ಟದೆ ರಿವಾಲ್ವರ್ ಹದ ಮಾಡುವುದು

ನನ್ನ ರಿವಾಲ್ವರ್‌ನ ತೂಕ ಹೆಚ್ಚುಕಮ್ಮಿ ಒಂದು ಕಿಲೋ. ಅದರ ಟ್ರಿಗರ್ ಎಳೆಯಲು ಬೇಕಾಗುತ್ತಿದ್ದದ್ದು 12 ಪೌಂಡ್ ಬಲ, ನಮ್ಮ ಲೆಕ್ಕದಲ್ಲಿ ಐದೂವರೆ ಕಿಲೋಗೆ ಸ್ವಲ್ಪ ಕಡಿಮೆ. ಒಂದು ಕಿಲೋದ ಸಾಮಾನನ್ನು ಅಲುಗದಂತೆ ಹಿಡಿದು, ಅದರದೇ ಒಂದು ಕೊಂಡಿಯನ್ನು ಒಂದೇ ಬೆರಳಲ್ಲಿ ಐದು ಪಟ್ಟು ಬಲ ಹಾಕಿ ಜಗ್ಗಬೇಕು. 7 ಗಜ ದೂರದ ಕಾಗದದ ಮೇಲೆ ನನ್ನ ಈಡುಗಳೆಲ್ಲ ಎಡಗಡೆ ಕೆಳಮೂಲೆಗೆ ಹೋಗಿ ಬೀಳುತ್ತಿದ್ದವು. ‘ನಿಮ್ಮ ಕೈ ಸರಿಯಿಲ್ಲ’ ಅಂದಳು ಹೆಂಡತಿ. ‘ಗನ್ನು ಸರಿಯಿಲ್ಲ’ ಅಂದೆ ನಾನು. ಇಬ್ಬರ ಮಾತೂ ನಿಜವೇ ಆಗಿತ್ತು.

ನಾನಿರುವುದು ಟೆಕ್ಸಾಸ್‌ನಲ್ಲಿ. ಗನ್ನು ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ ಮಾಡೆಲ್ 10, ನಾಲ್ಕಿಂಚು ನಳಿಗೆ, .38 ಸ್ಪೆಷಲ್ ತೋಟಾ. 1899ರಲ್ಲಿ ‘ಮಿಲಿಟರಿ ಅಂಡ್ ಪೊಲೀಸ್’ ಎಂಬ ಹೆಸರಿನಲ್ಲಿ ಹೊರಟ ಮಾದರಿ ಇದು. 1957ರಲ್ಲಿ ಕಂಪನಿ ಹೆಸರುಗಳ ಬದಲು ನಂಬರು ಕೊಡಲು ಶುರುಮಾಡಿದಾಗ 10 ಆಯಿತು. ಅಮೆರಿಕದ ಪೊಲೀಸರು ದಶಕಗಟ್ಟಲೆ ಸೊಂಟಕ್ಕೆ ಕಟ್ಟಿಕೊಂಡು ತಿರುಗಿದ್ದು ಇದನ್ನೇ. 1980ರ ದಶಕದ ಕೊನೆಗೆ ಅವರಲ್ಲಿ ಬಹಳಷ್ಟು ಜನ ಪಿಸ್ತೂಲಿಗೆ ಬದಲಾದಾಗ ರಾಶಿ ರಾಶಿ ಮಾಡೆಲ್ 10ಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದವು. ಚರ್ಮದ ಚೀಲದಲ್ಲಿ ಉಜ್ಜಿ ಉಜ್ಜಿ ಹೊರಗಿನ ನೀಲಿ ಬಣ್ಣ ಹೋಗಿರುತ್ತದೆ. ಒಳಗಿನ ಯಂತ್ರ ಮಾತ್ರ ಮದುವೆ ಸೀರೆಯ ಹಾಗೆ, ಉಟ್ಟಿದ್ದೇ ಕಡಿಮೆ. ಹಾಗಿದ್ದೂ ಟ್ರಿಗರ್ ಯಾಕೆ ಮರಳಿನ ಮೇಲೆ ಗೋಣಿಚೀಲ ಎಳೆದಂತೆ ಬರುತ್ತದೆ? ಬಿಚ್ಚಿ ನೋಡಿದಾಗ ಗೊತ್ತಾಯಿತು: ಮೂವತ್ತು ವರ್ಷದ ಹಿಂದೆ ಯಾರೋ ಸುರಿದ ಎಣ್ಣೆ ಒಣಗಿ, ಬೆಲ್ಲದ ಪಾಕದಂತೆ ಗಟ್ಟಿಯಾಗಿ ಕೂತಿತ್ತು.

ಮನೆಯಲ್ಲಿ ಮೊದಲ ಸಲ ರಿವಾಲ್ವರ್‌ನ ಆಕ್ಷನ್, ಅಂದರೆ ಟ್ರಿಗರ್ ಎಳೆದಾಗ ಓಡುವ ಒಳಯಂತ್ರ, ಹದ ಮಾಡಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಅನುಭವದಲ್ಲಿ ಹೆಚ್ಚು ಫಲ ಕೊಟ್ಟದ್ದು ತೊಳೆದದ್ದು. ಆಮೇಲೆ ಖಾಲಿ ಗನ್ನಿನ ಟ್ರಿಗರ್ ನೂರಾರು ಸಲ ಎಳೆದದ್ದು. ಕೊನೆಯಲ್ಲಿ ಒಂದೇ ಒಂದು ಸ್ಪ್ರಿಂಗು. ಅರ, ಸಾಣೆಕಲ್ಲು, ತಿರುಗುವ ಪಾಲಿಶ್ ಯಂತ್ರ ಇವುಗಳಿಂದ ಲಾಭವಾದವರಿಗಿಂತ ಗನ್ನು ಕೆಡಿಸಿಕೊಂಡವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಅಮೆರಿಕದಲ್ಲಿ ಸ್ವಂತ ಗನ್ನನ್ನು ಸ್ವಂತಕ್ಕೆ ರಿಪೇರಿ ಮಾಡಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ. ಅದನ್ನೇ ಕಸುಬಾಗಿ ಬೇರೆಯವರಿಗೆ ಮಾಡಿಕೊಟ್ಟರೆ ಬೇಕು. ರಾಜ್ಯದ ಕಾನೂನನ್ನು ಬೇರೆಯಾಗಿ ನೋಡಿಕೊಳ್ಳಿ. ಭಾರತದ ಕಥೆಯೇ ಬೇರೆ. 1959ರ ಆಯುಧ ಕಾಯ್ದೆಯ 5ನೇ ಕಲಂ ಪ್ರಕಾರ ತಯಾರಿಕೆ, ಮಾರಾಟದ ಜೊತೆಗೆ ರಿಪೇರಿಗೂ ಲೈಸೆನ್ಸ್ ಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆಯೆಂಬುದು ನಿಜ, ಆದರೆ ಅದು ಮನೆಯಲ್ಲೇ ಕೋವಿ ಕಮ್ಮಾರಿಕೆ ನಡೆಸುವ ಪರವಾನಗಿಯಲ್ಲ. ಊರಲ್ಲಿ ಓದುತ್ತಿರುವವರು ಇದನ್ನು ಯಂತ್ರದ ಕುತೂಹಲಕ್ಕಾಗಿ ಓದಿ, ಕೆಲಸವನ್ನು ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೆ ಬಿಡಿ.

ಇಲ್ಲಿ ಹೇಳುವುದೆಲ್ಲ ಪಕ್ಕದಲ್ಲಿ ಮುಚ್ಚಳವಿರುವ, ಮೂರು ಸ್ಕ್ರೂಗಳ ಸ್ಮಿತ್ ಅಂಡ್ ವೆಸ್ಸನ್ ಡಬಲ್ ಆಕ್ಷನ್‌ಗೆ. ರೂಗರ್ ಕಂಪನಿಯ ಗನ್ನುಗಳಿಗೆ ಪಕ್ಕದ ಮುಚ್ಚಳವೇ ಇಲ್ಲ, ಬಿಚ್ಚುವ ದಾರಿ ಬೇರೆ. ಹಳೆಯ ಕೋಲ್ಟ್ ಪೈಥಾನ್ ನಿಮ್ಮ ಬಳಿ ಇದ್ದರೆ ನಿಮ್ಮ ಅದೃಷ್ಟ. ಅದನ್ನು ಬಿಚ್ಚದೆ ಹಾಗೇ ಇಟ್ಟುಕೊಳ್ಳಿ.

ಹಂತ 1: ಖಾಲಿ

ಸಿಲಿಂಡರ್ ತೆರೆದು ತೋಟಾಗಳನ್ನು ಹೊರಹಾಕಿ. ಆರು ಮನೆಗಳನ್ನೂ ಕಣ್ಣಲ್ಲಿ ನೋಡಿ, ಬೆರಳಿಟ್ಟು ಮುಟ್ಟಿ ಎಣಿಸಿ. ತೋಟಾದ ಡಬ್ಬಿ ಆ ಕೋಣೆಯಲ್ಲೇ ಇರಬಾರದು. ನಾನು ಡಬ್ಬಿಯನ್ನು ಕಾರಿನ ಡಿಕ್ಕಿಯಲ್ಲಿಟ್ಟು ಬೀಗ ಹಾಕಿ ಬರುತ್ತೇನೆ. ಅತಿಯಾಯಿತು ಅನ್ನಿಸಬಹುದು. ‘ಖಾಲಿ ಇತ್ತು ಅಂದ್ಕೊಂಡೆ’ ಎಂಬ ಮಾತನ್ನು ಆಸ್ಪತ್ರೆಯಲ್ಲಿ ಹೇಳಿದವರು ಬಹಳ ಜನ. ನಡುವೆ ಊಟಕ್ಕೋ ಫೋನಿಗೋ ಎದ್ದು ಹೋಗಿ ಬಂದರೆ ಮತ್ತೆ ಎಣಿಸಿ. ಖಾಲಿ ಎಂದು ಖಚಿತವಾದ ಮೇಲೂ ನಳಿಗೆ ಯಾರ ಕಡೆಗೂ ತಿರುಗಬಾರದು, ಗೋಡೆಯಾಚೆ ಮಲಗಿರುವವರ ಕಡೆಗೂ.

ಹಂತ 2: ರೋಗ ಯಾವುದು ನೋಡಿ

ಬಿಚ್ಚುವ ಮೊದಲು ಗನ್ನು ಈಗ ಹೇಗಿದೆ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಇಲ್ಲದಿದ್ದರೆ ಆಮೇಲೆ ಕಂಡ ದೋಷ ಮೊದಲೇ ಇತ್ತೋ, ನೀವು ಮಾಡಿದ್ದೋ ಗೊತ್ತಾಗುವುದಿಲ್ಲ.

ಮೊದಲು ಸಿಲಿಂಡರ್ ಸಮಯಕ್ಕೆ ಸರಿಯಾಗಿ ಬಂದು ನಿಲ್ಲುತ್ತದೆಯೇ ನೋಡಬೇಕು. ಸಿಲಿಂಡರ್ ಮುಚ್ಚಿ, ಎಡಗೈ ಬೆರಳನ್ನು ಅದರ ಮೇಲೆ ಮೆಲ್ಲಗೆ ಆನಿಸಿ, ತುಸುವೇ ಬ್ರೇಕು ಹಾಕಿದ ಹಾಗೆ. ಈಗ ಹೆಬ್ಬೆರಳಲ್ಲಿ ಹ್ಯಾಮರನ್ನು, ನಮ್ಮ ಕಡೆ ಹಿರಿಯರು ಕೋವಿಯ ಕುದುರೆ ಎನ್ನುತ್ತಿದ್ದ ಭಾಗವನ್ನು, ತೀರ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ಬಂದು ಕಚ್ಚಿ ನಿಲ್ಲುವುದರೊಳಗೆ, ಇಲ್ಲವೇ ಅದೇ ಕ್ಷಣಕ್ಕೆ, ಸಿಲಿಂಡರ್ ಕೂಡ ‘ಟಕ್’ ಎಂದು ತನ್ನ ಕಚ್ಚಿನಲ್ಲಿ ಕೂರಬೇಕು. ಆರೂ ಮನೆಗಳಿಗೆ ಬೇರೆ ಬೇರೆಯಾಗಿ ಹೀಗೆ ಮಾಡಿ. ಒಂದು ಮನೆಯಾದರೂ ತಡವಾಗಿ ಕೂತರೆ ಇದು ಮನೆಯಲ್ಲಿ ಮಾಡುವ ಹದದ ಕೆಲಸವಲ್ಲ. ಸಿಲಿಂಡರನ್ನು ತಿರುಗಿಸುವ ‘ಹ್ಯಾಂಡ್’ ಎಂಬ ಸಣ್ಣ ತುಂಡು ಸವೆದಿದೆ, ಅಥವಾ ಅದು ತಳ್ಳುವ ನಕ್ಷತ್ರದಾಕಾರದ ಹಲ್ಲು ಸವೆದಿದೆ. ಗನ್ನನ್ನು ಚೀಲದಲ್ಲಿ ಹಾಕಿಕೊಂಡು ಗನ್‌ಸ್ಮಿತ್ ಬಳಿ ಹೋಗಿ.

ಎರಡನೆಯ ಪರೀಕ್ಷೆ: ಖಾಲಿ ಗನ್ನಿನ ಹ್ಯಾಮರ್ ಹಿಂದಕ್ಕೆ ಕಚ್ಚಿಸಿ, ಟ್ರಿಗರ್ ಮುಟ್ಟದೆ ಹೆಬ್ಬೆರಳಿನಿಂದ ಹ್ಯಾಮರನ್ನು ಮುಂದಕ್ಕೆ ಗಟ್ಟಿಯಾಗಿ ಒತ್ತಿ. ಜಾರಿ ಬೀಳಬಾರದು. ಬಿದ್ದರೆ ನಿಮಗಿಂತ ಮುಂಚೆ ಯಾರೋ ಒಳಗೆ ಅರ ಆಡಿಸಿದ್ದಾರೆ, ಇಲ್ಲವೇ ಒಳಗಿನ ಭಾಗ ಸವೆದಿದೆ ಎಂದೇ ಅರ್ಥ. ಅಂಥ ಗನ್ನಿಗೆ ತೋಟಾ ತುಂಬಲೇಬಾರದು.

ಮೂರನೆಯದು ಸುಲಭ. ಟ್ರಿಗರ್ ಎಳೆದು, ಬೆರಳನ್ನು ನಿಧಾನವಾಗಿ ಬಿಡುತ್ತಾ ಬನ್ನಿ. ಟ್ರಿಗರ್ ಎಲ್ಲೂ ತಡೆಯದೆ ಬೆರಳನ್ನು ಹಿಂಬಾಲಿಸಿಕೊಂಡು ಮುಂದೆ ಬರಬೇಕು. ಎಷ್ಟು ಚುರುಕಾಗಿ ಬರುತ್ತದೆ ಎಂದು ನೆನಪಿಟ್ಟುಕೊಳ್ಳಿ. ಸ್ಪ್ರಿಂಗ್ ಬದಲಿಸಿದಾಗ ಇದೇ ನಿಮ್ಮ ಅಳತೆಗೋಲು.

ಹಂತ 3: ಬಿಚ್ಚದೆ ತೊಳೆಯಿರಿ

ಟ್ರಿಗರ್ ಬಿಗಿ ಎಂದು ದೂರುವವರ ಗನ್ನಿನಲ್ಲಿ ನಾನು ಮೊದಲು ನೋಡುವ ಜಾಗ ಸಿಲಿಂಡರ್ ಹಿಂಬದಿಯ ನಕ್ಷತ್ರದ ಅಡಿ. ಖಾಲಿ ಕೊಳವೆಗಳನ್ನು ಹೊರತಳ್ಳುವ ಭಾಗ ಅದು. ಅದರ ಕಂಬಿ ಒತ್ತಿದಾಗ ನಕ್ಷತ್ರ ಮೇಲೇಳುತ್ತದೆ; ಅದರ ಕೆಳಗೆ ಉರಿಯದೆ ಉಳಿದ ಮದ್ದಿನ ಕಣಗಳು, ರಾಗಿಕಾಳಿನಂತೆ, ಸಿಕ್ಕಿಕೊಂಡಿರುತ್ತವೆ. ನಾಲ್ಕೇ ಕಣ ಸಾಕು, ನಕ್ಷತ್ರ ಪೂರ್ತಿ ಕೂರುವುದಿಲ್ಲ, ಸಿಲಿಂಡರ್ ಹಿಂಬದಿಯ ಲೋಹಕ್ಕೆ ಉಜ್ಜುತ್ತದೆ, ಟ್ರಿಗರ್ ತಿಣುಕುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಒಣದಾಗಿಯೇ ಉಜ್ಜಿ ತೆಗೆಯಿರಿ. ಆ ಜಾಗಕ್ಕೆ ಎಣ್ಣೆ ಹಾಕಬೇಡಿ. ಎಣ್ಣೆಗೆ ಮುಂದಿನ ಸಲ ಇನ್ನಷ್ಟು ಮದ್ದು ಅಂಟುತ್ತದೆ.

ಅದೇ ಕಂಬಿ ಸಡಿಲವಾಗಿದ್ದರೂ ಸಿಲಿಂಡರ್ ಬಿಗಿಯಾಗುತ್ತದೆ, ಕೆಲವೊಮ್ಮೆ ತೆರೆಯುವುದೇ ಇಲ್ಲ. ಕೈಯಲ್ಲಿ ತಿರುಗಿಸಿ ನೋಡಿ. ಗಮನವಿರಲಿ, 1960ರ ಆಸುಪಾಸಿನಿಂದ ಈಚಿನ ಗನ್ನುಗಳಲ್ಲಿ ಅದರ ಸುತ್ತು ಎಡಗೈ ಸುತ್ತು, ಬಿಗಿ ಮಾಡಲು ಉಲ್ಟಾ ತಿರುಗಿಸಬೇಕು.

ನಳಿಗೆ, ಸಿಲಿಂಡರ್‌ನ ಮುಖ, ಆರು ಮನೆಗಳು ಎಲ್ಲವನ್ನೂ ಕ್ಲೀನಿಂಗ್ ದ್ರಾವಣದಲ್ಲಿ ಉಜ್ಜಿ ಒರೆಸಿ. ಕಿಟಕಿ ತೆರೆದಿರಲಿ. ಮಸಿಯಲ್ಲಿ ಸೀಸವಿರುತ್ತದೆ, ಅಡುಗೆಮನೆಯ ಮೇಜಿನ ಮೇಲೆ ಈ ಕೆಲಸ ಬೇಡ, ಮಧ್ಯೆ ಚಕ್ಕುಲಿ ಬಾಯಿಗೆ ಹಾಕಿಕೊಳ್ಳುವುದೂ ಬೇಡ.

ಎಷ್ಟೋ ಗನ್ನುಗಳ ‘ಹದ’ ಇಲ್ಲಿಗೇ ಮುಗಿಯುತ್ತದೆ.

ಹಂತ 4: ಖಾಲಿ ಎಳೆತ

ಪಿತ್ತಳೆ ಅಥವಾ ಪ್ಲಾಸ್ಟಿಕ್‌ನ ಡಮ್ಮಿ ತೋಟಾಗಳು ಸಿಗುತ್ತವೆ, ಸ್ನ್ಯಾಪ್ ಕ್ಯಾಪ್ ಎನ್ನುತ್ತಾರೆ. ಆರನ್ನು ತುಂಬಿ ದಿನಕ್ಕೆ ಐವತ್ತು ಸಲದಂತೆ ವಾರವಿಡೀ ಟ್ರಿಗರ್ ಎಳೆಯಿರಿ. ಕಾರ್ಖಾನೆಯ ಕತ್ತರಿಯಂಚು ಬಿಟ್ಟ ಸಣ್ಣ ಸಣ್ಣ ಉಬ್ಬುಗಳು ಒಂದಕ್ಕೊಂದು ಉಜ್ಜಿ ತಾವೇ ಕೂರುತ್ತವೆ, ಹೊಸ ಚಪ್ಪಲಿ ಕಾಲಿಗೆ ಹೊಂದಿಕೊಂಡ ಹಾಗೆ. ಎಲ್ಲಿ ಉಜ್ಜಬೇಕೋ ಅಲ್ಲೇ ಉಜ್ಜುವ ಸಾಣೆ ಇದು, ತಪ್ಪುವ ಪ್ರಶ್ನೆಯೇ ಇಲ್ಲ. ಬೆರಳಿನ ಸ್ನಾಯುವೂ ಅಷ್ಟರಲ್ಲಿ ಗಟ್ಟಿಯಾಗುತ್ತದೆ. 12 ಪೌಂಡಿನ ಟ್ರಿಗರ್ ವಾರದ ಕೊನೆಗೆ 10ರಂತೆ ಅನ್ನಿಸಿದರೆ ಕಡಿಮೆಯಾದದ್ದು ಗನ್ನಿನದೋ ನಿಮ್ಮದೋ ಎಂಬ ಚರ್ಚೆ ಬೇಡ.

.22 ಗನ್ನಿಗೆ ಇದನ್ನು ಬರಿದಾಗಿ ಮಾಡಬಾರದು. ಅದರಲ್ಲಿ ತೋಟಾ ಸಿಡಿಸುವ ಸೂಜಿ ಬಡಿಯುವುದು ತೋಟಾದ ಅಂಚಿಗೆ. ಖಾಲಿ ಇದ್ದರೆ ಸಿಲಿಂಡರ್‌ನ ಅಂಚಿಗೇ ಬಡಿದು ತಗ್ಗು ಬೀಳಿಸುತ್ತದೆ.

ವಾರದ ನಂತರವೂ ಟ್ರಿಗರ್ ಕರಕರ ಎನ್ನುತ್ತಿದ್ದರೆ ಮಾತ್ರ ಮುಂದಿನ ಹಂತ.

ಹಂತ 5: ಪಕ್ಕದ ಮುಚ್ಚಳ

ಮನೆಯ ಸ್ಕ್ರೂಡ್ರೈವರ್ ಪೆಟ್ಟಿಗೆಯನ್ನು ಹತ್ತಿರ ತರಬೇಡಿ. ಅವುಗಳ ತುದಿ ಉಳಿಯಂತೆ ಇಳಿಜಾರಾಗಿರುತ್ತದೆ. ತಿರುಗಿಸಿದಾಗ ಸ್ಕ್ರೂವಿನ ಸೀಳಿನಿಂದ ಮೇಲೆದ್ದು ಜಾರುತ್ತದೆ, ಸ್ಕ್ರೂವಿನ ತಲೆಯನ್ನೂ ಪಕ್ಕದ ಬಣ್ಣವನ್ನೂ ಕೀಳುತ್ತದೆ. ಗನ್‌ಸ್ಮಿತ್‌ಗಳ ಬಿಟ್‌ಗಳ ತುದಿ ಎರಡೂ ಬದಿ ಸಮವಾಗಿದ್ದು ಸೀಳಿನ ತುಂಬ ಕೂರುತ್ತದೆ. ನೀವು ಖರ್ಚು ಮಾಡಲೇಬೇಕಾದ ಹಣ ಇದೊಂದೇ. ಜೊತೆಗೆ ಬಿಳಿ ಪಂಚೆ ಹಾಸಿದ ಮೇಜು, ಮೊಟ್ಟೆಯ ಟ್ರೇ, ಮತ್ತು ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲ. ಚೀಲ ಯಾಕೆಂದು ಮುಂದೆ ಹೇಳುತ್ತೇನೆ. ಮೊಬೈಲಿನಲ್ಲಿ ಪ್ರತಿ ಹೆಜ್ಜೆಗೂ ಒಂದೊಂದು ಫೋಟೊ.

ಮೊದಲು ಹಿಡಿಯ ಮರದ ಹಲಗೆಗಳು. ಆಮೇಲೆ ಬಲಬದಿಯ ಮೂರು ಸ್ಕ್ರೂ: ಮುಂದಿನದು ಸಿಲಿಂಡರ್‌ನ ತೋಳನ್ನೂ ಹಿಡಿದಿರುತ್ತದೆ, ಇನ್ನೊಂದು ಟ್ರಿಗರ್‌ನ ಹಿಂದೆ, ಮೂರನೆಯದು ಹಲಗೆಯಡಿ ಅಡಗಿರುವ ಚಪ್ಪಟೆ ತಲೆಯದು. ಮೂರೂ ನೋಡಲು ಅಣ್ಣತಮ್ಮಂದಿರಂತಿದ್ದರೂ ಒಂದರ ಜಾಗಕ್ಕೆ ಇನ್ನೊಂದು ಹೋಗಬಾರದು. ಮುಂದಿನದನ್ನಂತೂ ಆಯಾ ಗನ್ನಿಗೇ ಹೊಂದಿಸಿರುತ್ತಾರೆ. ಮೊಟ್ಟೆಯ ಟ್ರೇಯಲ್ಲಿ ಬೇರೆ ಬೇರೆ ಕುಳಿಗೆ ಹಾಕಿ. ಮುಂದಿನ ಸ್ಕ್ರೂ ತೆಗೆದ ಮೇಲೆ ಸಿಲಿಂಡರ್ ತೆರೆದು ತೋಳಿನ ಸಮೇತ ಮುಂದಕ್ಕೆ ಜಾರಿಸಿದರೆ ಹೊರಬರುತ್ತದೆ.

ಮುಚ್ಚಳ ಮಾತ್ರ ಸ್ಕ್ರೂ ತೆಗೆದರೂ ಅಲುಗುವುದಿಲ್ಲ. ಅಷ್ಟು ನಯವಾಗಿ ಕೂತಿರುತ್ತದೆ, ಸಂದು ಕಾಣುವುದೇ ಕಷ್ಟ. ಹೊಸಬರ ಕೈ ಇಲ್ಲಿ ತಾನಾಗಿಯೇ ಸ್ಕ್ರೂಡ್ರೈವರ್ ಕಡೆಗೆ ಹೋಗುತ್ತದೆ, ಸಂದಿಗೆ ತುರುಕಿ ಮೀಟೋಣ ಎಂದು. ಮೀಟಿದರೆ ಅಂಚು ಬಗ್ಗಿತು, ಗನ್ನಿನ ಅರ್ಧ ಬೆಲೆ ಹೋಯಿತು. ಮುಚ್ಚಳ ಮೇಲ್ಮುಖವಾಗುವಂತೆ ಗನ್ನನ್ನು ಎಡಗೈಯಲ್ಲಿ ಸಡಿಲವಾಗಿ ಹಿಡಿದು, ಸುತ್ತಿಗೆಯ ಮರದ ಹಿಡಿಯಿಂದ ಗನ್ನಿನ ಹಿಡಿಯ ಲೋಹಕ್ಕೆ ಟಪಟಪನೆ ಬಡಿಯಿರಿ. ಆ ಅದುರಾಟಕ್ಕೆ ಮುಚ್ಚಳ ಕೂದಲೆಳೆಯಷ್ಟು ಎದ್ದು, ಇನ್ನಷ್ಟು ಎದ್ದು, ಕೊನೆಗೆ ಕೈಗೇ ಬರುತ್ತದೆ. ಮೊದಲ ಸಲ ಹೀಗೆ ಎದ್ದಾಗ ನನಗಾದ ಖುಷಿ, ಆಯುಧಪೂಜೆಯ ದಿನ ಅಪ್ಪ ಒಂಟಿನಳಿಗೆ ಕೋವಿ ಬಿಚ್ಚಿ ಚಾಪೆಯ ಮೇಲೆ ಹರಡಿದ್ದನ್ನು ದೂರದಿಂದ ನೋಡಿದ ಹುಡುಗನದು. ಮುಟ್ಟಲು ಬಿಡುತ್ತಿರಲಿಲ್ಲ ಅವರು.

ಹಂತ 6: ಒಳಗೆ

ಒಂದು ನಿಮಿಷ ಸುಮ್ಮನೆ ನೋಡಿ. ಹಿಡಿಯೊಳಗೆ ಉದ್ದದ ಎಲೆಯಂಥ ಪಟ್ಟಿ ಸ್ಪ್ರಿಂಗು, ಹ್ಯಾಮರನ್ನು ಮುಂದಕ್ಕೆ ಹೊಡೆಯುವುದು ಅದು. ಟ್ರಿಗರ್‌ನ ಹಿಂದೆ ಒಂದು ಆಯತಾಕಾರದ ಉಕ್ಕಿನ ತುಂಡು, ರಿಬೌಂಡ್ ಸ್ಲೈಡ್. ಅದರ ಹೊಟ್ಟೆಯೊಳಗೆ ಸುರುಳಿ ಸ್ಪ್ರಿಂಗು, ಟ್ರಿಗರನ್ನು ಮುಂದಕ್ಕೆ ತಳ್ಳುವುದು ಇದು. ನಿಮ್ಮ ಬೆರಳಿಗೆ ತಾಗುವ ಭಾರವೆಲ್ಲ ಮುಖ್ಯವಾಗಿ ಈ ಎರಡು ಸ್ಪ್ರಿಂಗುಗಳದ್ದು, ಮತ್ತು ಉಜ್ಜಾಟದ್ದು. ಟ್ರಿಗರ್ ಎಳೆದಾಗ ನೀವು ಎರಡನ್ನೂ ಒಟ್ಟಿಗೆ ಬಗ್ಗಿಸುತ್ತಿದ್ದೀರಿ.

ಮುಚ್ಚಳ ತೆಗೆದಿರುವಾಗ ಟ್ರಿಗರ್ ಎಳೆದು ಆಟ ನೋಡುವ ಆಸೆಯಾಗುತ್ತದೆ. ಬೇಡ. ಒಳಗಿನ ಗೂಟಗಳ ಇನ್ನೊಂದು ತುದಿಗೆ ಆಸರೆ ಕೊಡುವುದೇ ಆ ಮುಚ್ಚಳ. ಪೂರ್ತಿ ಸ್ಪ್ರಿಂಗ್ ಬಲದಲ್ಲಿ ಆಡಿಸಿದರೆ ಗೂಟ ಬಗ್ಗಬಹುದು, ಮುರಿಯಲೂಬಹುದು.

ಹ್ಯಾಮರ್ ಬ್ಲಾಕ್ ಎಂಬ ಉದ್ದನೆಯ, ತೆಳ್ಳಗಿನ, ಡೊಂಕು ಪಟ್ಟಿಯೊಂದು ಸುಮ್ಮನೆ ಒರಗಿರುತ್ತದೆ. ಕೆಲವೊಮ್ಮೆ ಮುಚ್ಚಳದ ಜೊತೆಗೇ ಬರುತ್ತದೆ. ತೆಗೆದು ಮೊಟ್ಟೆಯ ಟ್ರೇಯ ಮೊದಲ ಕುಳಿಗೆ ಹಾಕಿ. ಅದರ ಕಥೆ ಆಮೇಲೆ.

ಹಿಡಿಯ ಮುಂಭಾಗದ ಸಣ್ಣ ಸ್ಕ್ರೂವನ್ನು, ಸ್ಟ್ರೇನ್ ಸ್ಕ್ರೂ ಎನ್ನುತ್ತಾರೆ, ಸಡಿಲಿಸಿದರೆ ಪಟ್ಟಿ ಸ್ಪ್ರಿಂಗಿನ ಬಿಗಿ ಹೋಗುತ್ತದೆ. ಕೊಕ್ಕೆಯಿಂದ ಬಿಡಿಸಿ ತೆಗೆಯಿರಿ. ಹ್ಯಾಮರ್ ತೆಗೆಯುವಾಗ ಎಡಬದಿಯ ಹೆಬ್ಬೆರಳ ಗುಂಡಿಯನ್ನು ಹಿಂದಕ್ಕೆ ಎಳೆದು ಹಿಡಿಯಬೇಕು, ಇಲ್ಲದಿದ್ದರೆ ಒಳಗಿನ ಚಿಲಕ ಹ್ಯಾಮರಿಗೆ ಅಡ್ಡ ನಿಲ್ಲುತ್ತದೆ. ಟ್ರಿಗರನ್ನೂ ತುಸು ಹಿಂದಕ್ಕೆಳೆದು ಹ್ಯಾಮರನ್ನು ನೇರ ಮೇಲಕ್ಕೆ ಎತ್ತಿ. ಒತ್ತಾಯ ಮಾಡಬೇಕಾಗಿ ಬಂದರೆ ಕೋನ ತಪ್ಪಿದೆ ಎಂದರ್ಥ.

ಈಗ ಪ್ಲಾಸ್ಟಿಕ್ ಚೀಲ. ಗನ್ನನ್ನೂ ಎರಡು ಕೈಗಳನ್ನೂ ಚೀಲದೊಳಗೆ ಹಾಕಿ, ರಿಬೌಂಡ್ ಸ್ಲೈಡಿನ ಹಿಂದಿನ ಸುರುಳಿಯನ್ನು ಸ್ಕ್ರೂಡ್ರೈವರ್ ತುದಿಯಿಂದ ಒಳಗೊತ್ತಿ, ಸ್ಲೈಡಿನ ಹಿಂಭಾಗವನ್ನು ಗೂಟದ ಮೇಲಿಂದ ಎತ್ತಿ. ಸ್ಪ್ರಿಂಗು ಹಾರುತ್ತದೆ, ಹಾರಬಹುದು ಎಂದಲ್ಲ. ಚೀಲವಿಲ್ಲದೆ ಮಾಡಿದ ಮೊದಲ ಸಲ ನನ್ನದು ಕಿವಿಯ ಪಕ್ಕದಿಂದ ಹೋಗಿ ಬಟ್ಟೆ ಒಗೆಯುವ ಯಂತ್ರದ ಹಿಂದೆ ಬಿತ್ತು. ಯಂತ್ರ ಎಳೆದು ಹುಡುಕಿದಾಗ ಮೂರು ಒಂಟಿ ಕಾಲುಚೀಲ, ಮಗಳ ಕಿವಿಯೋಲೆ ಸಿಕ್ಕವು. ಸ್ಪ್ರಿಂಗು ಸಿಕ್ಕಿದ್ದು ಎರಡು ದಿನ ಬಿಟ್ಟು. ಕನ್ನಡಕ ಹಾಕಿಕೊಂಡೇ ಈ ಕೆಲಸ ಮಾಡಿ.

ಟ್ರಿಗರ್, ಹ್ಯಾಂಡ್, ಸಿಲಿಂಡರ್ ತಡೆಯುವ ಸಣ್ಣ ತುಂಡು, ಚಿಲಕ: ಮೊದಲ ಸಲದವರು ಇವುಗಳನ್ನು ಇದ್ದಲ್ಲೇ ಬಿಡಿ.

ಹಂತ 7: ತೊಳೆಯುವುದು, ಮುಟ್ಟದಿರುವುದು

ಬಿಡಿಭಾಗಗಳನ್ನು ಮಿನರಲ್ ಸ್ಪಿರಿಟ್ಸ್‌ನಲ್ಲಿ ನೆನೆಸಿ ಬ್ರಷ್ ಮಾಡಿ. ಗನ್ನಿನ ಒಡಲನ್ನೂ ಅದರಿಂದಲೇ ತೊಳೆದು ಹತ್ತಿಕಡ್ಡಿಯಲ್ಲಿ ಮೂಲೆಮೂಲೆ ಒರೆಸಿ. ಕಂದು ಪಾಕ ಕರಗಿ ಹೋದಂತೆ ಕೆಳಗಿನ ಬೆಳ್ಳಿ ಬಣ್ಣ ಕಾಣುತ್ತದೆ. ಅಲ್ಲಲ್ಲಿ ಕನ್ನಡಿಯಂತೆ ಹೊಳೆಯುವ ಗೆರೆಗಳಿರುತ್ತವೆ. ಭಾಗಗಳು ನಿಜಕ್ಕೂ ಉಜ್ಜುತ್ತಿರುವ ಜಾಗಗಳು ಅವು. ಉಳಿದ ಕಡೆ ಯಂತ್ರದ ಕತ್ತರಿಗುರುತು ಎಷ್ಟೇ ಒರಟಾಗಿ ಕಂಡರೂ ಯಾವುದಕ್ಕೂ ತಾಗುವುದಿಲ್ಲ, ಅವನ್ನು ನಯ ಮಾಡಿ ಏನೂ ಬರುವುದಿಲ್ಲ.

ನಯ ಮಾಡಬಹುದಾದ್ದು ಒಂದೇ ಭಾಗ: ರಿಬೌಂಡ್ ಸ್ಲೈಡಿನ ತಳ ಮತ್ತು ಎರಡು ಪಕ್ಕ. ಕಿಟಕಿಯ ಗಾಜಿನ ತುಂಡಿನ ಮೇಲೆ 1000 ನಂಬರಿನ ನೀರುಕಾಗದ ಹಾಸಿ, ಒಂದು ಹನಿ ಎಣ್ಣೆ ಬಿಟ್ಟು, ಸ್ಲೈಡನ್ನು ಚಪ್ಪಟೆಯಾಗಿ ಒತ್ತಿ ಹತ್ತು ಹದಿನೈದು ಸಲ ಎಳೆಯಿರಿ. ಆಮೇಲೆ 2000 ನಂಬರಿನಲ್ಲಿ ಅಷ್ಟೇ. ಗೆರೆಗಳೆಲ್ಲ ಮಾಯವಾಗಬೇಕಿಲ್ಲ. ಉಬ್ಬುಗಳ ತಲೆ ಹೋದರೆ ಸಾಕು. ತಗ್ಗುಗಳಲ್ಲಿ ಎಣ್ಣೆ ನಿಲ್ಲಲಿ. ಸ್ಲೈಡಿನ ಮೇಲ್ಭಾಗದ ಗೂನು ಮುಟ್ಟಬೇಡಿ. ಟ್ರಿಗರ್ ಬಿಟ್ಟಾಗ ಹ್ಯಾಮರನ್ನು ಹಿಂದಕ್ಕೆ ಸರಿಸಿ ಅಲ್ಲೇ ತಡೆದು ನಿಲ್ಲಿಸುವುದು ಆ ಗೂನು.

ಹ್ಯಾಮರಿನ ಕೆಳಗೆ ಒಂದು ಸಣ್ಣ ಕಚ್ಚು ಕಾಣುತ್ತದೆ. ಹ್ಯಾಮರ್ ಹಿಂದೆ ನಿಂತಾಗ ಟ್ರಿಗರ್‌ನ ಮೂತಿ ಹಿಡಿದಿರುವುದು ಅದನ್ನೇ. ಆ ಕಚ್ಚು ಮತ್ತು ಆ ಮೂತಿ ನಿಮ್ಮ ಪಾಲಿಗೆ ದೇವರ ಕೋಣೆ, ಮೈಲಿಗೆಯ ಕೈ ತಾಗಕೂಡದು. ಆ ಲೋಹ ಗಟ್ಟಿಯಿರುವುದು ಮೇಲಿನ ತೆಳುವಾದ ಪದರದಲ್ಲಿ ಮಾತ್ರ, ಒಬ್ಬಟ್ಟಿನ ಕಣಕದ ಹಾಗೆ, ಕೆಳಗೆ ಮೆತ್ತನೆಯದು. ನಾಲ್ಕು ಸಲ ಸಾಣೆ ಆಡಿಸಿದರೆ ಪದರ ಹೋಗುತ್ತದೆ. ಅವತ್ತು ಟ್ರಿಗರ್ ಬೆಣ್ಣೆಯಂತೆ ಬರುತ್ತದೆ, ಕೆಲವು ನೂರು ಈಡಿನ ಮೇಲೆ ಮೆತ್ತನೆ ಲೋಹ ಸವೆದು, ಕಚ್ಚಿ ನಿಂತ ಹ್ಯಾಮರ್ ಬೆರಳು ಮುಟ್ಟದೆಯೇ ಜಾರಿ ಬೀಳುತ್ತದೆ. ಎರಡನೆಯ ಹಂತದಲ್ಲಿ ಹ್ಯಾಮರ್ ಒತ್ತಿ ನೋಡಿ ಎಂದದ್ದು ಇದಕ್ಕೇ.

ಎಣ್ಣೆಗೆ ಜಿಪುಣತನವೇ ಸರಿ. ಗೂಟಗಳಿಗೆ ಸೂಜಿಯ ತುದಿಯಲ್ಲಿ ಒಂದೊಂದು ಹನಿ, ಸ್ಲೈಡಿನ ತಳ ಪಕ್ಕಗಳಿಗೆ ತೆಳುವಾಗಿ ಗ್ರೀಸು. ಡಬ್ಲ್ಯುಡಿ-40 ಚಿಮ್ಮಿಸಬೇಡಿ, ವರ್ಷಾಂತರದಲ್ಲಿ ಮತ್ತೆ ಆ ಪಾಕವೇ ಆಗುತ್ತದೆ.

ಹಂತ 8: ಒಂದು ಸ್ಪ್ರಿಂಗು

ಕಾರ್ಖಾನೆಯ ರಿಬೌಂಡ್ ಸ್ಪ್ರಿಂಗು ಸುಮಾರು 18 ಪೌಂಡಿನದು. ಅದಕ್ಕಿಂತ ಹಗುರವಾದವೂ ಅಂಗಡಿಯಲ್ಲಿ ಸಿಗುತ್ತವೆ. ಹೊಸಬರು 16 ಅಥವಾ 15 ತೆಗೆದುಕೊಳ್ಳಿ, ಇನ್ನೂ ಕೆಳಗಿಳಿಯಬೇಡಿ. ಇದು ತೀರ ಹಗುರವಾದರೆ ಟ್ರಿಗರ್ ಸೋಮಾರಿಯಾಗಿ ಮುಂದೆ ಬರುತ್ತದೆ. ಬೇಗ ಹೊಡೆಯುವವರ ಬೆರಳು ಅದಕ್ಕಿಂತ ಮುಂದೆ ಓಡಿ, ಟ್ರಿಗರನ್ನು ಅರ್ಧಕ್ಕೇ ಎಳೆದು, ಆಕ್ಷನ್ ಸಿಕ್ಕಿಹಾಕಿಕೊಳ್ಳುತ್ತದೆ.

ಇದೇ ಕಂಪನಿಯ ಗನ್ನುಗಳಲ್ಲಿ ಕೈಚಳಕ ತೋರಿಸಿದವರಿದ್ದಾರೆ. ಜೆರ್ರಿ ಮಿಕುಲೆಕ್ ಎಂಬ ಶೂಟರ್ 1999ರಲ್ಲಿ ರಿವಾಲ್ವರ್‌ನಲ್ಲಿ ಆರು ಹೊಡೆದು, ಮತ್ತೆ ತುಂಬಿ, ಇನ್ನಾರು ಹೊಡೆದದ್ದು ಒಟ್ಟು 2.99 ಸೆಕೆಂಡಿನಲ್ಲಿ. ಟ್ರಿಗರ್ ತಡವಾಗಿ ಹಿಂದಿರುಗುವ ಗನ್ನಿನಲ್ಲಿ ಅದು ಆಗುವ ಮಾತಲ್ಲ.

ಪಟ್ಟಿ ಸ್ಪ್ರಿಂಗು ಬದಲಿಸಬೇಡಿ. ಅದು ಹಗುರವಾದರೆ ಹ್ಯಾಮರಿನ ಪೆಟ್ಟು ಹಗುರ, ಪೆಟ್ಟು ಹಗುರವಾದರೆ ತೋಟಾ ಸಿಡಿಯುವುದಿಲ್ಲ. ಸ್ಟ್ರೇನ್ ಸ್ಕ್ರೂವನ್ನು ಒಂದು ಸುತ್ತು ಸಡಿಲಿಸಿ ‘ಟ್ರಿಗರ್ ಹಗುರ ಮಾಡಿದೆ’ ಎನ್ನುವವರೂ ಇದ್ದಾರೆ. ಆ ಸ್ಕ್ರೂ ಇರುವುದು ಪೂರ್ತಿ ಬಿಗಿಯಲು. ಇನ್ನೊಂದು ಮಾತು: ಗನ್ನು ಮನೆಯ ಕಾವಲಿಗೆಂದು ಇಟ್ಟದ್ದಾದರೆ ಈ ಹಂತವನ್ನೇ ಬಿಟ್ಟುಬಿಡಿ, ಕಾರ್ಖಾನೆಯ ಸ್ಪ್ರಿಂಗೇ ಇರಲಿ.

ಹಂತ 9: ಜೋಡಣೆ

ಬಿಚ್ಚಿದ ಕ್ರಮದ ಉಲ್ಟಾ, ಫೋಟೊಗಳಿವೆ. ತಿಣುಕಿಸುವುದು ಸ್ಲೈಡು ಮಾತ್ರ. ಟ್ರಿಗರ್‌ನ ಹಿಂದಿನ ಸಣ್ಣ ಕಡ್ಡಿ ಸ್ಲೈಡಿನ ಮುಂದಿನ ಕುಳಿಯಲ್ಲಿ ಕೂತಿರಬೇಕು. ಅದನ್ನು ನೋಡಿಕೊಂಡು ಸುರುಳಿಯನ್ನು ಒಳಗೊತ್ತಿ ಗೂಟದ ಮೇಲೆ ಇಳಿಸಬೇಕು. ಹಳೆಯ ಸ್ಕ್ರೂಡ್ರೈವರ್‌ನ ತುದಿಗೆ ಸಣ್ಣ ಕಚ್ಚು ಮಾಡಿಕೊಂಡರೆ ಸುಲಭ. ಅರ ಹಿಡಿಯಲೇಬೇಕು ಎನ್ನುವವರಿಗೆ ಇಲ್ಲಿದೆ ಅವಕಾಶ.

ಇನ್ನು ಹ್ಯಾಮರ್ ಬ್ಲಾಕ್. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಹಡಗೊಂದರಲ್ಲಿ ಇದೇ ಮಾದರಿಯ ರಿವಾಲ್ವರ್ ಕೈಜಾರಿ ಬಿತ್ತು, ಬಿದ್ದ ಪೆಟ್ಟಿಗೆ ಸಿಡಿಯಿತು, ನಾವಿಕನೊಬ್ಬ ಸತ್ತ. ಹ್ಯಾಮರಿಗೆ ಅಡ್ಡ ನಿಲ್ಲುವ ಹಳೆಯ ಏರ್ಪಾಡೊಂದು ಆಗಲೂ ಇತ್ತು, ಕೆಲಸ ಮಾಡಿರಲಿಲ್ಲ. ನೌಕಾಪಡೆ ಪಟ್ಟು ಹಿಡಿಯಿತು. 1944ರ ಕೊನೆಗೆ ಕಂಪನಿ ಹೊಸದಾಗಿ ಮಾಡಿದ್ದು ಈ ಜಾರುವ ಪಟ್ಟಿ: ಟ್ರಿಗರ್ ಬಿಟ್ಟೊಡನೆ ಹ್ಯಾಮರಿಗೂ ಒಡಲಿಗೂ ನಡುವೆ ಬಂದು ನಿಲ್ಲುತ್ತದೆ, ಟ್ರಿಗರ್ ಎಳೆದಾಗ ಮಾತ್ರ ಕೆಳಗಿಳಿದು ದಾರಿ ಬಿಡುತ್ತದೆ. ಇದನ್ನು ಮರೆತು ಮುಚ್ಚಳ ಹಾಕಿದರೂ ಗನ್ನು ಎಂದಿನಂತೆಯೇ ಓಡುತ್ತದೆ, ಯಾವ ಸುಳಿವೂ ಸಿಗುವುದಿಲ್ಲ. ಹಾಗಾಗಿಯೇ ಮೊದಲ ಕುಳಿ. ಅದರ ಕೆಳತುದಿಯ ರಂಧ್ರವನ್ನು ಸ್ಲೈಡಿನ ಪಕ್ಕದ ಗುಬುಟಿಗೆ ಸಿಕ್ಕಿಸಿ, ಮೇಲಿನ ತುದಿ ಹ್ಯಾಮರಿನ ಮುಂದಿನ ಸಂದಿಯಲ್ಲಿ ಬರುವಂತೆ ಇಡಿ.

ಮುಚ್ಚಳದ ಮೇಲಂಚಿನ ನಾಲಿಗೆಯನ್ನು ಮೊದಲು ಒಡಲಿನಡಿ ತೂರಿಸಿ ಆಮೇಲೆ ಹೆಬ್ಬೆರಳಲ್ಲಿ ಒತ್ತಿ. ಕೂರದಿದ್ದರೆ ಬ್ಲಾಕ್ ಓರೆಯಾಗಿದೆ, ಸ್ಕ್ರೂ ಬಿಗಿದು ಎಳೆದು ಕೂರಿಸುವ ಸಾಹಸ ಬೇಡ.

ಹಂತ 10: ಮತ್ತೆ ಪರೀಕ್ಷೆ

ಎರಡನೆಯ ಹಂತದ ಮೂರೂ ಪರೀಕ್ಷೆಗಳನ್ನು ಚೀಟಿ ಮುಂದಿಟ್ಟುಕೊಂಡು ಮತ್ತೆ ಮಾಡಿ. ಟ್ರಿಗರ್ ಮೊದಲಿಗಿಂತ ಮೈಗಳ್ಳನಂತೆ ಹಿಂದಿರುಗಿದರೆ ಒಂದು ಪೌಂಡ್ ಹೆಚ್ಚಿನ ಸ್ಪ್ರಿಂಗು ಹಾಕಿ.

ನಾಲ್ಕನೆಯದು ಹೊಸದು. ಸಿಲಿಂಡರ್ ತೆರೆದು, ಹೆಬ್ಬೆರಳ ಗುಂಡಿಯನ್ನು ಹಿಂದಕ್ಕೆ ಹಿಡಿದು, ಟ್ರಿಗರ್ ಎಳೆದು ಹಾಗೇ ಹಿಡಿದುಕೊಳ್ಳಿ: ಸೂಜಿಯ ತುದಿ ರಂಧ್ರದಿಂದ ಹೊರಗೆ ಇಣುಕಬೇಕು. ಟ್ರಿಗರ್ ಬಿಡಿ: ಸೂಜಿ ಒಳಗೆ ಹೋಗಬೇಕು, ಹ್ಯಾಮರನ್ನು ಹಿಂದಿನಿಂದ ಎಷ್ಟು ಒತ್ತಿದರೂ ಹೊರಬರಬಾರದು. ಇದಾದ ಮೇಲೆ ಮುಚ್ಚಳಕ್ಕೆ ಕಿವಿ ಹಚ್ಚಿ ಗನ್ನನ್ನು ಮೇಲೆ ಕೆಳಗೆ ಅಲುಗಿಸಿ. ಬ್ಲಾಕ್ ಒಳಗಿದ್ದರೆ ಸಣ್ಣಗೆ ಕಿಣಿಕಿಣಿ ಎನ್ನುತ್ತದೆ. ಪಾಠಪುಸ್ತಕದ ಪರೀಕ್ಷೆಯಲ್ಲ ಇದು, ನನ್ನ ಸಮಾಧಾನಕ್ಕೆ.

ಸ್ನ್ಯಾಪ್ ಕ್ಯಾಪ್ ಹಾಕಿ ನೂರು ಸಲ ಎಳೆಯಿರಿ. ಒಂದೇ ಒಂದು ಸಲ ಸಿಕ್ಕಿಕೊಂಡರೂ ತೋಟಾದ ಮಾತೆತ್ತಬೇಡಿ.

ಹಂತ 11: ರೇಂಜಿನಲ್ಲಿ

ಮೊದಲು ಒಂದೇ ತೋಟಾ ತುಂಬಿ ಹೊಡೆಯಿರಿ. ಆಮೇಲೆ ಎರಡು, ಆಮೇಲೆ ಆರು. ತೋಟಾ ಕಂಪನಿಗಳ ಪ್ರೈಮರ್, ಅಂದರೆ ಸೂಜಿಯ ಪೆಟ್ಟು ಬೀಳುವ ಸಿಡಿಮದ್ದಿನ ಬಟ್ಟಲು, ಒಂದೇ ಗಟ್ಟಿಯಿರುವುದಿಲ್ಲ; ಫೆಡರಲ್‌ನದು ಮೆತ್ತಗೆ, ಸಿಸಿಐಯದು ಗಟ್ಟಿ ಎಂಬುದು ರಿವಾಲ್ವರ್ ಹಿಡಿದವರಿಗೆಲ್ಲ ಗೊತ್ತಿರುವ ಮಾತು. ಗಟ್ಟಿಯದರಲ್ಲೇ ಪರೀಕ್ಷಿಸಿ, ಹೆಚ್ಚಿನವನ್ನು ಹ್ಯಾಮರ್ ಕಚ್ಚಿಸದೆ, ಟ್ರಿಗರ್ ಎಳೆತದಿಂದಲೇ, ಅಂದರೆ ಡಬಲ್ ಆಕ್ಷನ್‌ನಲ್ಲೇ ಹೊಡೆಯಿರಿ, ಅದರಲ್ಲಿ ಹ್ಯಾಮರಿನ ಓಟ ಸ್ವಲ್ಪ ಕಡಿಮೆ. ‘ಟಿಕ್’ ಎಂದು ಸುಮ್ಮನಾದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯುವುದೂ ಉಂಟು. ಆಮೇಲೆ ತೋಟಾ ತೆಗೆದು ಪ್ರೈಮರ್ ಮೇಲಿನ ಗುಳಿ ನೋಡಿ. ಗುಳಿ ಆಳವಿಲ್ಲದಿದ್ದರೆ ಸ್ಟ್ರೇನ್ ಸ್ಕ್ರೂ ಪೂರ್ತಿ ಬಿಗಿದಿದೆಯೇ ಎಂದು ಮೊದಲು ನೋಡಿ. ಇದು ನನಗೂ ಆಗಿದೆ.

ಅದನ್ನು ಬಿಗಿದ ಮೇಲೆ ಆ ದಿನ ನೂರು ತೋಟಾ ಹೊಡೆದೆ, ಎಲ್ಲವೂ ಸಿಡಿದವು. ಗೇಜು ಹಚ್ಚಿ ನೋಡಿದರೆ ಟ್ರಿಗರ್ 10 ಪೌಂಡ್, 12ರಿಂದ ಇಳಿದದ್ದು ಎರಡೇ. ಆದರೆ ಕರಕರ ಹೋಗಿ, ಎಣ್ಣೆ ಹಾಕಿದ ತೊಟ್ಟಿಲಿನಂತೆ ಒಂದೇ ಸಮ ಬರುತ್ತಿತ್ತು. ಕಾಗದ ತಂದು ಹೆಂಡತಿಗೆ ತೋರಿಸಿದೆ. ಗುಂಪು ಅಂಗೈಯಗಲದಿಂದ ನಿಂಬೆಹಣ್ಣಿನಷ್ಟಕ್ಕೆ ಇಳಿದಿತ್ತು. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ‘ಚೆನ್ನಾಗಿದೆ, ಆದರೆ ಇನ್ನೂ ಎಡಕ್ಕೇ ಇದೆಯಲ್ಲ?’ ಅಂದಳು.